ಬೈಕುಲ್ಲಾದ ಬೇಟೆನಾಯಿ

ಕಳೆದ ಮಳೆಗಾಲದ ಒಂದು ಬೆಳಗ್ಗೆ, ಬೈಕುಲ್ಲಾ ಸ್ಟೇಷನ್ ಕಡೆಯಿಂದ ಮನೆಗೆ ಮರಳುವಾಗ ನಮ್ಮ ಚಿಗರಿ ಒಂದು ಬೆಕ್ಕನ್ನು ಕೊಂದಳು. ಹೆಚ್ಚೆಂದರೆ ಐದು ಸೆಕೆಂಡು. ನಿಂತ ಟ್ಯಾಕ್ಸಿಯ ಕೆಳಗಿನಿಂದ ಬೆಕ್ಕು ಹಾರಿ ಗಲ್ಲಿಯೊಳಗೆ ಓಡಿತು. ಚಿಗರಿ ಒಂದು ಹೆಜ್ಜೆ ಹಿಂದೆ ಸರಿದಳು, ಕಾಲರ್ ತಲೆಯಿಂದ ಕಳಚಿತು, ನನ್ನ ಕೈಯಲ್ಲಿ ಬರೀ ಹಗ್ಗ ಉಳಿಯಿತು. ಹೆಸರು ಹಿಡಿದು ಕೂಗಿದೆ. ತಿರುಗಿಯೂ ನೋಡಲಿಲ್ಲ. ನಾನು ಗಲ್ಲಿಯ ತುದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಕ್ಕನ್ನು ನೆಲದ ಮೇಲಿಟ್ಟು, ಬಾಲ ಅಲ್ಲಾಡಿಸುತ್ತ ನನ್ನ ಮುಖ ನೋಡುತ್ತಿದ್ದಳು. ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಮೌಶಿ ಆ ಬೆಕ್ಕಿಗೆ ವರ್ಷಗಳಿಂದ ಮೀನಿನ ತಲೆ ಹಾಕುತ್ತಿದ್ದರು.

ಚಿಗರಿ ಮುಧೋಳ ತಳಿಯ ಹೆಣ್ಣು ನಾಯಿ. ಬೇಟೆನಾಯಿಗೆ ಬೇಟೆಯ ಪ್ರಾಣಿಯ ಹೆಸರಿಟ್ಟೆನಲ್ಲ ಎಂದು ನೀವು ನಗಬಹುದು. ಊರಲ್ಲಿ ಕಾಕಾನೂ ನಕ್ಕಿದ್ದರು. ಮರಿ ಕೊಡುವಾಗ ಅವರು ಹೇಳಿದ್ದು ಇಷ್ಟೇ: "ತಮ್ಮಾ, ಇದು ಬ್ಯಾಟಿ ನಾಯಿ ಐತಿ. ಫ್ಲ್ಯಾಟಿನ್ಯಾಗ ಕಟ್ಟಿ ಹಾಕಿದ್ರ ನಾಯೀನೂ ಕೆಡತೈತಿ, ನೀನೂ ಕೆಡತಿ." ಬಾಗಲಕೋಟೆ ಜಿಲ್ಲೆಯವನಾದ ನನಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಊರು ಬಿಟ್ಟು ಹದಿನೈದು ವರ್ಷವಾದ ಮೇಲೆ ಊರಿನದೊಂದು ಜೀವ ಮನೆಯಲ್ಲಿರಲಿ ಎಂಬ ಆಸೆಯೇ ದೊಡ್ಡದಾಗಿತ್ತು. ಅದು ನಾಯಿಯ ಅಗತ್ಯವಲ್ಲ, ನನ್ನದು.

ಬೆಕ್ಕು ಸತ್ತ ಮೇಲೆ ನಾನು ಈ ತಳಿಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲು ಕುಳಿತೆ. ಮೊದಲೇ ಮಾಡಬೇಕಿದ್ದ ಕೆಲಸ.

ಬಹುತೇಕ ನಾಯಿಗಳಿಗೆ ಲೋಕವೆಂದರೆ ವಾಸನೆ. ಮೂಗು ನೆಲಕ್ಕೆ ಹಚ್ಚಿ ನಡೆಯುತ್ತವೆ. ಮುಧೋಳ ನಾಯಿ ತಲೆ ಎತ್ತಿ ನಡೆಯುತ್ತದೆ. ಗ್ರೇಹೌಂಡ್, ಸಲೂಕಿಗಳಂತೆ ಇದು ಕಣ್ಣಿನಿಂದ ಬೇಟೆಯಾಡುವ ಜಾತಿ. ಉದ್ದನೆಯ ಕಿರಿದಾದ ತಲೆಬುರುಡೆಯಲ್ಲಿ ಕಣ್ಣುಗಳು ಪಕ್ಕಕ್ಕೆ ಸರಿದಿರುವುದರಿಂದ ನಮಗಿಂತ ಬಹಳ ಅಗಲವಾದ ನೋಟ ಅದಕ್ಕೆ ಸಿಗುತ್ತದೆ. ಕಣ್ಣಿಗೆ ಮುಖ್ಯ ಚಲನೆ. ರಸ್ತೆಯಲ್ಲಿ ಕುಳಿತ ಪಾರಿವಾಳದ ಪಕ್ಕದಲ್ಲೇ ಚಿಗರಿ ಸುಮ್ಮನೆ ಹಾದುಹೋಗುತ್ತಾಳೆ. ಅದೇ ಪಾರಿವಾಳ ರೆಕ್ಕೆ ಬಡಿದರೆ ಮೈಯೆಲ್ಲ ಬಿಗಿ. ಓಡುವುದೇನಾದರೂ ಕಂಡಿತೋ, ಅಟ್ಟಬೇಕು. ಬಯಲುಸೀಮೆಯ ಬೋಳು ಹೊಲಗಳಲ್ಲಿ ಮೊಲ ಒಂದು ಸಲ ಅಂಕುಡೊಂಕಾಗಿ ತಿರುಗಿ ಮರೆಯಾದರೆ ಮುಗಿಯಿತು; ಯಜಮಾನನ ಅಪ್ಪಣೆಗೆ ಕಾಯುತ್ತ ನಿಂತರೆ ಬೇಟೆ ಸಿಗುವುದಿಲ್ಲ. ಹಾಗಾಗಿ ತಲೆಮಾರುಗಳಿಂದ ಜನ ಆರಿಸಿ ಬೆಳೆಸಿದ್ದು, ಯಾರನ್ನೂ ಕೇಳದೆ ತಾನೇ ನಿರ್ಧರಿಸಿ ಓಡುವ ನಾಯಿಯನ್ನು. ನನ್ನ ಕೂಗು ಕೇಳದಿದ್ದುದು ಅವಿಧೇಯತೆಯಲ್ಲ. ಅದೇ ಅದರ ಕಸುಬು.

ಆ ಕಸುಬಿಗೆ ತಕ್ಕ ಮೈ. ಆಳವಾದ ಎದೆಗೂಡು, ಬೆನ್ನಿಗೆ ಅಂಟಿದ ಹೊಟ್ಟೆ, ಭುಜದ ಹತ್ತಿರ ಸುಮಾರು 70 ಸೆಂ.ಮೀ. ಎತ್ತರ. ಪೂರ್ಣ ವೇಗದಲ್ಲಿ ಒಂದೊಂದು ನೆಗೆತಕ್ಕೂ ನಾಲ್ಕೂ ಕಾಲು ಎರಡೆರಡು ಸಲ ಗಾಳಿಯಲ್ಲಿರುತ್ತವೆ. ಪಕ್ಕೆಲುಬು ಕಾಣುತ್ತದೆ, ಅದು ಉಪವಾಸವಲ್ಲ. ಲಿಫ್ಟಿನಲ್ಲಿ ಸಿಗುವ ಪ್ರತಿಯೊಬ್ಬರಿಗೂ ಇದನ್ನು ವಿವರಿಸಿ ನನಗೆ ಸಾಕಾಗಿದೆ. ಮೈಯಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಇಂಥ ನಾಯಿಗಳಿಗೆ ಅರಿವಳಿಕೆ ಕೊಡುವಾಗ ವೈದ್ಯರು ಔಷಧಿಯನ್ನು ಎಚ್ಚರದಿಂದ ಆರಿಸಬೇಕಾಗುತ್ತದೆ; ಸಂತಾನಹರಣಕ್ಕೆ ಒಯ್ಯುವವರು ಮೊದಲೇ ಕೇಳಿಕೊಳ್ಳಿ. ಇನ್ನು ಕಾಲರ್. ತಲೆ ಕಿರಿದು, ಕುತ್ತಿಗೆ ಗಟ್ಟಿ. ಮಾಮೂಲಿ ಪಟ್ಟಿ ಹಿಂದಕ್ಕೆಳೆದರೆ ಜಾರಿಬಿಡುತ್ತದೆ. ಎಳೆದಾಗ ತಾನಾಗಿ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿ ಬೇಕು. ಆ ಬೆಕ್ಕಿನ ಜೀವ ಅಷ್ಟರಲ್ಲೇ ಉಳಿಯುತ್ತಿತ್ತು.

ಇತಿಹಾಸ ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತು: ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿ ಬೆಳೆಸಿದ್ದು, ಐದನೇ ಜಾರ್ಜ್ ದೊರೆಗೆ ಜೋಡಿ ನಾಯಿ ಕೊಟ್ಟ ಕಥೆ, 2005ರ ಅಂಚೆಚೀಟಿ, ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಡೆಸುವ ಶ್ವಾನ ಸಂಶೋಧನಾ ಕೇಂದ್ರ. ಮಹಾರಾಷ್ಟ್ರದವರು ಇದನ್ನೇ ಕಾರವಾನ್ ಎನ್ನುತ್ತಾರೆ. ಮಾಝಗಾಂವಿನ ಒಬ್ಬರು ಇದು ತಮ್ಮ ನಾಯಿ ಎಂದು ನನ್ನೊಡನೆ ಅರ್ಧ ಗಂಟೆ ವಾದಿಸಿದರು. ಗಡಿವಿವಾದದಲ್ಲಿ ನಾಯಿಯನ್ನೂ ಬಿಟ್ಟಿಲ್ಲ. ಸೇನೆ ಮತ್ತು ಎಸ್‌ಪಿಜಿ ಈ ತಳಿಯನ್ನು ತೆಗೆದುಕೊಂಡವೆಂದು ಸುದ್ದಿಯಾದ ಮೇಲೆ, 2020ರ ಆಗಸ್ಟಿನಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಹೆಸರು ಹೇಳಿದ ಮೇಲೆ, ಮಹಾನಗರದವರಿಗೂ ಆಸೆ ಹುಟ್ಟಿದೆ. ಕಾವಲಿಗೆ ಚೆನ್ನಾಗಿರುತ್ತದಲ್ಲ ಎಂದು ಕೇಳುತ್ತಾರೆ. ಅಪರಿಚಿತರು ಮೈ ಮುಟ್ಟಿದರೆ ಇದಕ್ಕಾಗುವುದಿಲ್ಲ, ನಿಜ. ಆದರೆ ನಮ್ಮ ಚಿಗರಿ ಕೊರಿಯರ್ ಹುಡುಗ ಬಂದರೆ ಸೋಫಾದ ಹಿಂದೆ ಹೋಗಿ ನಿಲ್ಲುತ್ತಾಳೆ. ಗದರಿದರೆ ಎರಡು ದಿನ ಮುನಿಸು. ದಿನದ ಬಹುಪಾಲು ನಿದ್ದೆ. ಓಡುವ ನಾಯಿ ಮನೆಯಲ್ಲಿ ಇಷ್ಟು ಸೋಮಾರಿಯಾಗಿರುತ್ತದೆಂದು ನನ್ನ ಹೆಂಡತಿ ನಂಬಿರಲಿಲ್ಲ.

ಬೆಕ್ಕಿನ ಮರುದಿನ ಸೊಸೈಟಿಯಲ್ಲಿ ಮೀಟಿಂಗ್. ನಾಯಿ ತೆಗೆಯಿರಿ ಎಂದರು. ಸಾಕುಪ್ರಾಣಿಗಳನ್ನು ಸೊಸೈಟಿ ನಿಷೇಧಿಸುವಂತಿಲ್ಲ ಎಂಬ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ನನ್ನ ಮೊಬೈಲಿನಲ್ಲಿತ್ತು. ಓದಲಿಲ್ಲ. ಎದುರಿಗೆ ಮೌಶಿ ಕುಳಿತಿದ್ದರು. ಕಾಲರ್ ನನ್ನ ತಪ್ಪು ಎಂದೆ. ಮೂರು ತಿಂಗಳು ಸಮಯ ಕೊಡಿ, ಆಗದಿದ್ದರೆ ಊರಿಗೆ ಬಿಟ್ಟುಬರುತ್ತೇನೆ ಎಂದೆ. ಕಾಕಾ ಹ್ಞೂಂ ಅಂದಿದ್ದರು.

ಈಗ ಬೆಳಗ್ಗೆ ಐದಕ್ಕೆ ಸುತ್ತ ಬಲೆ ಕಟ್ಟಿದ ಒಂದು ಫುಟ್ಬಾಲ್ ಟರ್ಫ್‌ಗೆ ಹೋಗುತ್ತೇವೆ. ಆ ಹೊತ್ತಿನಲ್ಲಿ ಬಾಡಿಗೆ ಕಡಿಮೆ. ಉದ್ದ ಕೋಲಿಗೆ ಹಗ್ಗ, ಹಗ್ಗದ ತುದಿಗೆ ಚಿಂದಿ ಬಟ್ಟೆ. ನಾನು ಗಿರಗಿರ ತಿರುಗಿಸುತ್ತೇನೆ, ಅವಳು ಅಟ್ಟುತ್ತಾಳೆ, ಕೊನೆಗೆ ಹಿಡಿಯಲು ಬಿಡುತ್ತೇನೆ. ಹಿಡಿಯಲು ಬಿಡದಿದ್ದರೆ ಚಡಪಡಿಕೆ ಹಾಗೇ ಉಳಿಯುತ್ತದೆ. ಹತ್ತು ನಿಮಿಷ ಸಾಕು, ಮರುದಿನದವರೆಗೆ ಶಾಂತ. ಬೀದಿಯಲ್ಲಿ ಮಾತ್ರ ಹಗ್ಗ ಎಂದಿಗೂ ಬಿಡುವುದಿಲ್ಲ. ತರಬೇತಿಯಿಂದ ಅವಳ ಕಣ್ಣು ಬದಲಾಗಿದೆ ಎಂದು ನಾನು ನಂಬಿಲ್ಲ.

ಮೂರು ತಿಂಗಳು ದಾಟಿದೆ, ಕಮಿಟಿಯವರು ಮತ್ತೆ ಕೇಳಿಲ್ಲ. ಮೌಶಿ ನನ್ನೊಡನೆ ಮಾತಾಡುತ್ತಾರೆ, ಚಿಗರಿ ಜೊತೆಗಿದ್ದರೆ ಲಿಫ್ಟ್ ಹತ್ತುವುದಿಲ್ಲ. ಆಫೀಸಿನ ಕನ್ನಡದ ಗೆಳೆಯರೊಬ್ಬರು ತಮಗೂ ಊರಿನಿಂದ ಒಂದು ಮರಿ ತರಿಸಿಕೊಡಿ ಎಂದು ಬೆನ್ನುಹತ್ತಿದ್ದಾರೆ. ಮೊದಲು ಒಂದು ವಾರ ಬೆಳಗ್ಗೆ ಐದಕ್ಕೆ ಟರ್ಫ್‌ಗೆ ಬನ್ನಿ ಅಂದಿದ್ದೇನೆ. ಇನ್ನೂ ಬಂದಿಲ್ಲ.