ಮೈಕೋಸಿಸ್ ಫಂಗಾಯಿಡಿಸ್: ವೃದ್ಧರಲ್ಲಿ ರೋಗನಿರ್ಣಯವೂ ಸಾಧ್ಯಾಸಾಧ್ಯವಿಚಾರವೂ

೧. ನಾಮವಿಚಾರ

ಶಬ್ದಗಳಲ್ಲಿ ಯೌಗಿಕವೆಂದೂ ರೂಢವೆಂದೂ ಶಾಸ್ತ್ರಕಾರರು ಭೇದವನ್ನು ಹೇಳಿರುವರು. ಅವಯವಾರ್ಥದಿಂದ ವಸ್ತುವನ್ನು ತಿಳಿಸುವುದು ಯೌಗಿಕ. ಅವಯವಾರ್ಥವನ್ನು ಬಿಟ್ಟು ಪ್ರಸಿದ್ಧಿಯಿಂದಲೇ ತಿಳಿಸುವುದು ರೂಢ. ಮೈಕೋಸಿಸ್ ಫಂಗಾಯಿಡಿಸ್ ಎಂಬ ವ್ಯಾಧಿನಾಮವನ್ನು ರೂಢವೆಂದೇ ಗ್ರಹಿಸತಕ್ಕದ್ದು. ಪ್ಯಾರಿಸ್ ನಗರದ ಅಲಿಬೇರ್ ಎಂಬ ವೈದ್ಯನು 1806ರಲ್ಲಿ ಈ ರೋಗವನ್ನು ಮೊದಲು ವರ್ಣಿಸಿದನು. ರೋಗಿಯ ಮೈಮೇಲೆ ಎದ್ದ ಗಡ್ಡೆಗಳು ಅಣಬೆಗಳನ್ನು ಹೋಲುತ್ತಿದ್ದುದರಿಂದ 1832ರಲ್ಲಿ ಈ ಹೆಸರನ್ನಿಟ್ಟನು. ಸಾದೃಶ್ಯವೊಂದನ್ನು ಬಿಟ್ಟರೆ ಅಣಬೆಗಾಗಲಿ ಬೂಷ್ಟಿಗಾಗಲಿ ಈ ರೋಗದೊಡನೆ ಕಾರ್ಯಕಾರಣಸಂಬಂಧವಿಲ್ಲ. ರಕ್ತದ ಬಿಳಿಯ ಕಣಗಳಲ್ಲಿ ಟಿ-ಲಿಂಫೋಸೈಟ್ ಎಂಬ ಒಂದು ಜಾತಿಯುಂಟು. ಆ ಕಣಗಳು ಮರ್ಯಾದೆಯನ್ನು ಮೀರಿ ವರ್ಧಿಸಿ ಚರ್ಮದಲ್ಲಿ ನೆಲೆಗೊಳ್ಳುವುದೇ ಇದರ ಸ್ವರೂಪವು. ಆದುದರಿಂದ ಇದು ಲಿಂಫೋಮಾ ಎಂಬ ಕ್ಯಾನ್ಸರಿನ ಒಂದು ಭೇದವು, ಒಬ್ಬರಿಂದೊಬ್ಬರಿಗೆ ಅಂಟುವುದಲ್ಲ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವರಿಗೆ ಮಾತ್ರ ಬರುವ ಈ ವ್ಯಾಧಿಯು ಬಹುಮಟ್ಟಿಗೆ 50 ವರ್ಷವನ್ನು ದಾಟಿದವರಲ್ಲಿಯೂ, ಸ್ತ್ರೀಯರಿಗಿಂತ ಪುರುಷರಲ್ಲಿಯೂ ಹೆಚ್ಚಾಗಿ ಕಾಣಬರುವುದು.

೨. ರೂಪ

ಬಾಜ಼ೆಂ ಎಂಬ ಫ್ರೆಂಚ್ ವೈದ್ಯನು 1870ರಲ್ಲಿ ಈ ರೋಗಕ್ಕೆ ಮೂರು ಅವಸ್ಥೆಗಳನ್ನು ಹೇಳಿದನು. ಮೊದಲನೆಯದರಲ್ಲಿ ಕೆಂಪಾದ, ತೆಳುವಾದ, ಹೊಟ್ಟೇಳುವ ಮಂಡಲಗಳು, ಎರಡನೆಯದರಲ್ಲಿ ಕೈಗೆ ಗಟ್ಟಿಯಾಗಿ ತಗಲುವ ಉಬ್ಬಿದ ಫಲಕಗಳು, ಮೂರನೆಯದರಲ್ಲಿ ಗಡ್ಡೆಗಳು. ಎಲ್ಲರಲ್ಲಿಯೂ ಮೂರು ಅವಸ್ಥೆಗಳೂ ಬಂದೇ ತೀರಬೇಕೆಂಬ ನಿಯಮವಿಲ್ಲ. ಮೊದಲನೆಯ ಅವಸ್ಥೆಯಲ್ಲಿಯೇ ಹಲವು ವರ್ಷ ನಿಂತಿರುವವರೇ ಬಹಳ. ಬಿಸಿಲು ಬೀಳದ ಪೃಷ್ಠ, ತೊಡೆ, ಸೊಂಟ, ಎದೆ ಇವೇ ಮಂಡಲಗಳಿಗೆ ಮೆಚ್ಚಿನ ಸ್ಥಾನಗಳು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸ್ಪಷ್ಟವಾಗಿ ತೋರದು. ಕೆಲವರಲ್ಲಿ ಬಣ್ಣಗೆಟ್ಟ ಬಿಳಿಚು ಮಂಡಲಗಳೇ ಕಾಣುವುವು. ಆಗ ನಮ್ಮ ದೇಶದಲ್ಲಿ ತೊನ್ನೆಂದೂ ಕುಷ್ಠವೆಂದೂ ಭ್ರಮಿಸುವುದಕ್ಕೆ ಅವಕಾಶವುಂಟು.

ಸೆಜ಼ಾರಿ ಎಂಬಾತನು ಬೂವ್ರೆಂ ಎಂಬಾತನೊಡನೆ 1938ರಲ್ಲಿ ವರ್ಣಿಸಿದ ವ್ಯಾಧಿಯು ಇದಕ್ಕೆ ಬಂಧುವಾದರೂ ಹೆಚ್ಚು ಉಗ್ರವಾದುದು. ಅದರಲ್ಲಿ ಮೈಯೆಲ್ಲ ಕೆಂಪಾಗಿ, ಸಹಿಸಲಾಗದ ತುರಿಕೆ ಹುಟ್ಟಿ, ದುಷ್ಟಕಣಗಳು ರಕ್ತದಲ್ಲಿಯೂ ಸಂಚರಿಸುವುವು.

೩. ರೋಗನಿರ್ಣಯ

ಯೂರೋಪಿನಲ್ಲಿಯೂ ಇತರ ದೇಶಗಳಲ್ಲಿಯೂ ಅನೇಕ ಕೇಂದ್ರಗಳು ಕೂಡಿ 2019ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ಪ್ರಥಮಾವಸ್ಥೆಯ ರೋಗಿಗಳಲ್ಲಿ ಮೊದಲ ಮಂಡಲ ತೋರಿದಂದಿನಿಂದ ನಿರ್ಣಯವಾಗುವವರೆಗೆ ಕಳೆದ ಕಾಲದ ಮಧ್ಯಮಾನವು 36 ತಿಂಗಳು. ಈ ವಿಳಂಬಕ್ಕೆ ವೈದ್ಯರ ಅಲಕ್ಷ್ಯವೊಂದೇ ಕಾರಣವಲ್ಲ. ಇಸುಬು, ಹುಳುಕಡ್ಡಿ, ಸೋರಿಯಾಸಿಸ್ ಇವುಗಳ ರೂಪವನ್ನೇ ಇದೂ ತಾಳುವುದು. ಹಚ್ಚಿದ ಸ್ಟಿರಾಯ್ಡ್ ಮುಲಾಮಿನಿಂದ ಮಂಡಲವು ಕೆಲಕಾಲ ಮಾಸಿ ಮತ್ತೆ ತೋರುವುದು; ಉಪಶಯವೇ ಇಲ್ಲಿ ವಂಚಕವಾಗುವುದು. ಮುಪ್ಪಿನಲ್ಲಿ ಚರ್ಮವು ಒಣಗಿ ತುರಿಸುವುದು ಸಾಮಾನ್ಯವಾದುದರಿಂದ "ವಯಸ್ಸಿನ ತುರಿಕೆ" ಎಂದು ಉಪೇಕ್ಷಿಸುವುದೂ ಉಂಟು. ಇದಲ್ಲದೆ, ವೃದ್ಧರು ನಿತ್ಯವೂ ಸೇವಿಸುವ ಕೆಲವು ಔಷಧಗಳು ಸೂಕ್ಷ್ಮದರ್ಶಕದಲ್ಲಿಯೂ ಈ ರೋಗವನ್ನೇ ಹೋಲುವ ದದ್ದುಗಳನ್ನು ಹುಟ್ಟಿಸಬಲ್ಲುವು. ಆದುದರಿಂದ ಔಷಧಗಳ ಪಟ್ಟಿಯನ್ನು ಮೊದಲು ಕೇಳಬೇಕು.

ಸಂಶಯ ಹುಟ್ಟಿದಲ್ಲಿ ಮುಲಾಮನ್ನು ಕೆಲವು ವಾರ ನಿಲ್ಲಿಸಿ, ಒಂದಕ್ಕಿಂತ ಹೆಚ್ಚು ಸ್ಥಳಗಳಿಂದ ಚರ್ಮದ ತುಣುಕನ್ನು ತೆಗೆದು ಪರೀಕ್ಷಿಸತಕ್ಕದ್ದು. ಸುಕ್ಕುಗಟ್ಟಿದ ನ್ಯೂಕ್ಲಿಯಸ್ಸುಳ್ಳ ಲಿಂಫೋಸೈಟುಗಳು ಹೊರಚರ್ಮದೊಳಕ್ಕೆ ನುಗ್ಗಿರುವುದೂ, ಅಲ್ಲಲ್ಲಿ ಗುಂಪುಗೂಡಿರುವುದೂ ಮುಖ್ಯ ಲಕ್ಷಣಗಳು. ಒಂದು ಸಲ ಲಕ್ಷಣ ಕಾಣದಿದ್ದರೆ ರೋಗವಿಲ್ಲವೆಂದು ಹೇಳಲಾಗದು. ಕಾಲಾಂತರದಲ್ಲಿ ಪುನಃ ಪರೀಕ್ಷೆಯು ಅವಶ್ಯಕ. 2005ರಲ್ಲಿ ಪ್ರಕಟವಾದ ಒಂದು ಕ್ರಮದಲ್ಲಿ ಬಾಹ್ಯರೂಪಕ್ಕೆ 2, ಸೂಕ್ಷ್ಮದರ್ಶಕದ ಲಕ್ಷಣಗಳಿಗೆ 2, ಕಣಗಳು ಏಕಮೂಲವೆಂದು ತೋರಿಸುವ ಜೀನ್ ಪರೀಕ್ಷೆಗೆ 1, ಕಣಗಳ ಪ್ರೋಟೀನ್ ಗುರುತುಗಳಿಗೆ 1, ಹೀಗೆ ಅಂಕಗಳನ್ನು ಇಟ್ಟು, 4 ಅಂಕ ದೊರೆತರೆ ಪ್ರಥಮಾವಸ್ಥೆಯಲ್ಲಿಯೇ ರೋಗವನ್ನು ನಿಶ್ಚಯಿಸಬಹುದೆಂದು ವಿಧಿಸಿರುವರು. ಏಕಲಿಂಗದಿಂದ ನಿರ್ಣಯಿಸದೆ ಲಿಂಗಸಮುದಾಯದಿಂದ ನಿರ್ಣಯಿಸುವ ಈ ರೀತಿಯು ತರ್ಕಸಮ್ಮತವಾದುದು. ಜೀನ್ ಪರೀಕ್ಷೆಯಲ್ಲಿ ಒಂದು ಎಚ್ಚರಿಕೆಯುಂಟು. ರೋಗವಿಲ್ಲದ ವೃದ್ಧರ ರಕ್ತದಲ್ಲಿಯೂ ಏಕಮೂಲಕಣಗಳು ಕಾಣಬಹುದಾದುದರಿಂದ, ಚರ್ಮದಲ್ಲಿಯೂ ರಕ್ತದಲ್ಲಿಯೂ ಇರುವುದು ಒಂದೇ ಮೂಲವೆಂದು ತೋರಿದ ಹೊರತು ರಕ್ತಕ್ಕೆ ವ್ಯಾಪಿಸಿತೆಂದು ಹೇಳಬಾರದು.

೪. ಸಾಧ್ಯಾಸಾಧ್ಯವಿಚಾರ

ಚರಕಸಂಹಿತೆಯಲ್ಲಿ ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅನುಪಕ್ರಮ ಎಂದು ನಾಲ್ಕಾಗಿ ವಿಭಾಗಿಸಿರುವರು. ಯಾಪ್ಯವೆಂದರೆ ಸಮೂಲವಾಗಿ ಹೋಗದಿದ್ದರೂ ಪಥ್ಯೌಷಧಗಳಿಂದ ಅಡಗಿಸಿಕೊಂಡು ಬಾಳಲು ಬರುವಂಥದು. ಪ್ರಾಚೀನರ ಹದಿನೆಂಟು ಕುಷ್ಠಗಳಲ್ಲಿ ಇದು ಇಂಥದೆಂದು ಹೇಳುವುದು ಸಾಹಸವಾದೀತು. ಆದರೆ ಯಾಪ್ಯವೆಂಬ ಪರಿಭಾಷೆಯು ಈ ರೋಗದ ಪ್ರಥಮಾವಸ್ಥೆಗೆ ಚೆನ್ನಾಗಿ ಒಪ್ಪುವುದು.

ಅವಸ್ಥೆಯನ್ನು ನಿಶ್ಚಯಿಸುವುದಕ್ಕೆ ವ್ಯಾಪ್ತಿಯೇ ಮೊದಲ ಅಳತೆ. ಬೆರಳುಗಳೊಡಗೂಡಿದ ರೋಗಿಯ ಅಂಗೈಯನ್ನು ಮೈಯ ನೂರರಲ್ಲಿ ಒಂದು ಪಾಲೆಂದೆಣಿಸಿ, ಮಂಡಲ ಫಲಕಗಳು ನೂರಕ್ಕೆ 10ಕ್ಕಿಂತ ಕಡಮೆಯೋ ಹೆಚ್ಚೋ ಎಂಬುದನ್ನು ನೋಡುವರು. ಬಳಿಕ ಗಡ್ಡೆ, ಮೈಯೆಲ್ಲ ಕೆಂಪಾಗುವಿಕೆ, ಲಿಂಫ್ ಗ್ರಂಥಿಗಳು, ರಕ್ತ, ಒಳ ಅವಯವಗಳು ಇವುಗಳ ವಿಚಾರ. ಲಂಡನ್ನಿನಲ್ಲಿ 1502 ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಗಣನೆಯಂತೆ, ನೂರಕ್ಕೆ 10 ಪಾಲಿಗಿಂತ ಕಡಮೆ ಚರ್ಮದಲ್ಲಿ ಮಾತ್ರ ರೋಗವಿದ್ದವರಲ್ಲಿ 5 ವರ್ಷಗಳ ತರುವಾಯ ನೂರಕ್ಕೆ 94 ಮಂದಿ ಬದುಕಿದ್ದರು; ಅದಕ್ಕಿಂತ ಹೆಚ್ಚು ಹರಡಿದ್ದವರಲ್ಲಿ 84; ಗಡ್ಡೆಗಳು ಎದ್ದಿದ್ದವರಲ್ಲಿ 47; ಒಳ ಅವಯವಗಳಿಗೆ ಹೊಕ್ಕಿದ್ದವರಲ್ಲಿ 18.

ಮುಂದುವರಿದ ಅವಸ್ಥೆಯವರನ್ನು ಕುರಿತು 2015ರಲ್ಲಿ ಪ್ರಕಟವಾದ ಬೇರೊಂದು ಪರಿಶೀಲನೆಯು ನಾಲ್ಕು ಅಶುಭಲಿಂಗಗಳನ್ನು ಎಣಿಸಿರುವುದು: ನಾಲ್ಕನೆಯ ಘಟ್ಟ, 60 ವರ್ಷ ಮೀರಿದ ವಯಸ್ಸು, ಕಣಗಳು ದೊಡ್ಡವಾಗಿ ಮಾರ್ಪಡುವುದು, ರಕ್ತದಲ್ಲಿ ಎಲ್.ಡಿ.ಎಚ್. ಎಂಬ ದ್ರವ್ಯದ ಏರಿಕೆ. ವಯಸ್ಸು ಹೀಗೆ ಒಂದು ಲಿಂಗವೇ ಸರಿ. ಆದರೆ ನಾಲ್ಕರಲ್ಲಿ ಒಂದು ಮಾತ್ರ. ಈ ಲಿಂಗಗಳಲ್ಲಿ ಒಂದೇ ಇರುವವರೂ ಒಂದೂ ಇಲ್ಲದವರೂ ಅಲ್ಪಭಯದ ವರ್ಗಕ್ಕೇ ಸೇರುವರು.

೫. ಶಂಕೆ, ಸಮಾಧಾನ

ರೋಗವು ಅಲ್ಪವಾಗಿರುವಾಗಲೇ ತೀಕ್ಷ್ಣೌಷಧಗಳಿಂದ ನಿರ್ಮೂಲಮಾಡಬಾರದೇಕೆ ಎಂದರೆ, ಅದಕ್ಕೆ ಉತ್ತರವು 1989ರಲ್ಲಿಯೇ ದೊರೆತಿರುವುದು. ಅಮೆರಿಕದಲ್ಲಿ 103 ರೋಗಿಗಳನ್ನು ಎರಡು ಪಂಗಡಗಳಾಗಿ ಮಾಡಿ, ಒಂದಕ್ಕೆ ಸರ್ವಚರ್ಮಕ್ಕೂ ಎಲೆಕ್ಟ್ರಾನ್ ಕಿರಣವನ್ನೂ ತೀಕ್ಷ್ಣೌಷಧಕೂಟವನ್ನೂ ಕೊಟ್ಟರು. ಇನ್ನೊಂದಕ್ಕೆ ಚರ್ಮದ ಮೇಲಣ ಮೃದುಚಿಕಿತ್ಸೆಯಿಂದ ಆರಂಭಿಸಿದರು. ಮೊದಲ ಪಂಗಡದಲ್ಲಿ ರೋಗವು ಪೂರ್ತಿ ಅಡಗಿದವರು ಹೆಚ್ಚಾದರೂ ಆಯುಸ್ಸು ಹೆಚ್ಚಲಿಲ್ಲ. ಔಷಧದ ಉಪದ್ರವ ಮಾತ್ರ ಹೆಚ್ಚಿತು. ಆದುದರಿಂದ ಪ್ರಥಮಾವಸ್ಥೆಯಲ್ಲಿ ಮುಲಾಮು, ಅಲ್ಟ್ರಾವಯಲೆಟ್ ಕಿರಣ ಮೊದಲಾದ ಮೃದುಕ್ರಮವೇ ಯುಕ್ತ. ಬಲಗುಂದಿದ ವೃದ್ಧನಲ್ಲಿ ಇದನ್ನು ಇನ್ನೂ ದೃಢವಾಗಿ ಪಾಲಿಸತಕ್ಕದ್ದು.

ಕ್ಯಾನ್ಸರ್ ಎಂಬ ಶಬ್ದವನ್ನು ಕೇಳಿದ ಮಾತ್ರಕ್ಕೆ ಮನೆಯವರು ಅನುಪಕ್ರಮವೆಂದು ಧೈರ್ಯಗೆಡುವರು. ಬರಿಯ ತುರಿಕೆಯೆಂದು ಕೇಳಿದವರು ನಿಶ್ಚಿಂತರಾಗುವರು. ಇವೆರಡೂ ನಾಮದಿಂದ ಹುಟ್ಟಿದ ಭ್ರಾಂತಿಗಳು. ಯಾವ ಅವಸ್ಥೆ, ಎಷ್ಟು ವ್ಯಾಪ್ತಿ, ರೋಗಿಯ ಬಲವೆಷ್ಟು ಎಂಬೀ ಮೂರನ್ನು ಅಳೆದ ಬಳಿಕ ಆಡಿದ ಮಾತೇ ಸಾಧ್ಯಾಸಾಧ್ಯನಿರ್ಣಯವೆನಿಸುವುದು.