ಎದೆಯ ಮೇಲೊಂದು ನಂಬರ್

ಪರದೆಯ ಮೇಲೆ ಒಂದು ಮಸುಕು ಚಿತ್ರ ಮೂಡುತ್ತದೆ. ಯಾರೋ ಇಬ್ಬರು ನಿಂತಂತಿದೆ, ಹಿಂದೆ ಮರವೋ ಕಂಬವೋ ಗೊತ್ತಾಗುವುದಿಲ್ಲ. ಮೂವತ್ತು ಸೆಕೆಂಡಿಗೆ ಚಿತ್ರ ಮಾಯ. ಇನ್ನು ನಾಲ್ಕು ನಿಮಿಷದಲ್ಲಿ ಅದರ ಮೇಲೆ ಕಥೆ ಬರೆಯಬೇಕು. ಆಮೇಲೆ ಹದಿನೈದು ಮಂದಿಯ ಗುಂಪಿನಲ್ಲಿ ಕುಳಿತು ತನ್ನ ಕಥೆ ಹೇಳಬೇಕು, ಉಳಿದವರ ಕಥೆ ಕೇಳಬೇಕು, ಎಲ್ಲರೂ ಸೇರಿ ಒಂದೇ ಕಥೆಗೆ ಒಪ್ಪಬೇಕು. ಹುಡುಗರ ಎದೆಯ ಮೇಲೆ ಹೆಸರಿಲ್ಲ, ಒಂದು ನಂಬರ್ ಮಾತ್ರ. ಬೆಂಗಳೂರಿನ ಕಬ್ಬನ್ ರಸ್ತೆಯ ಸೇನಾ ಆಯ್ಕೆ ಕೇಂದ್ರದಲ್ಲಿ, ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ (ಸರ್ವಿಸಸ್ ಸೆಲೆಕ್ಷನ್ ಬೋರ್ಡ್) ಸಂದರ್ಶನದ ಮೊದಲ ದಿನ ಕಳೆಯುವುದು ಹೀಗೆ. ಸಂಜೆಯೊಳಗೆ ಬಂದವರಲ್ಲಿ ದೊಡ್ಡ ಪಾಲು ಚೀಲ ಹೊತ್ತು ವಾಪಸ್ ರೈಲು ಹತ್ತುತ್ತದೆ. ಅವರಲ್ಲಿ ಚಿನ್ನದ ಪದಕ ಪಡೆದವರೂ ಇರುತ್ತಾರೆ, ಜಿಮ್‌ನಲ್ಲಿ ತೋಳು ಬೆಳೆಸಿದವರೂ ಇರುತ್ತಾರೆ.

ಅಂಕಪಟ್ಟಿ ಚೆನ್ನಾಗಿದ್ದು ಮೈಕಟ್ಟು ಗಟ್ಟಿಯಾಗಿದ್ದರೆ ಸೇನೆಯ ಅಧಿಕಾರಿಯಾಗಬಹುದು ಎಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಗಟ್ಟಿಯಾಗಿದೆ. ಎರಡೂ ಬೇಕು ನಿಜ. ಆದರೆ ಎಷ್ಟು ಬೇಕು, ಯಾವಾಗ ಬೇಕು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಇನ್ನೊಂದು ಗೊಂದಲವೂ ಇದೆ. ಜಿಲ್ಲಾ ಕ್ರೀಡಾಂಗಣಗಳಲ್ಲಿ ನಡೆಯುವ ಸೇನಾ ಭರ್ತಿ ರ‍್ಯಾಲಿಯನ್ನೇ ಅಧಿಕಾರಿ ಹುದ್ದೆಯ ದಾರಿ ಎಂದುಕೊಂಡವರು ಬಹಳ. ಅಲ್ಲಿ 1.6 ಕಿಲೋಮೀಟರ್ ಓಟ ಓಡಿಸಿ ಆರಿಸುವುದು ಅಗ್ನಿವೀರರನ್ನು. ಲೆಫ್ಟಿನೆಂಟ್ ಆಗುವ ದಾರಿ ಬೇರೆ, ಕಾಲೇಜು ಓದುವವರಿಗೆ ಅದು ಪದವಿ ತರಗತಿಯ ಮೂಲಕ ಹೋಗುತ್ತದೆ.

ಈ ದಾರಿ ಕನ್ನಡನಾಡಿಗೆ ಹೊಸದೂ ಅಲ್ಲ. 1899ರಲ್ಲಿ ಕೊಡಗಿನಲ್ಲಿ ಹುಟ್ಟಿದ ಕೆ.ಎಂ. ಕಾರ್ಯಪ್ಪ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ ಭಾರತೀಯರಿಗೂ ಅಧಿಕಾರಿ ದರ್ಜೆ ಕೊಡುವ ಸುದ್ದಿ ಬಂತು. ಅರ್ಜಿ ಹಾಕಿ ಇಂದೋರಿನ ಡೇಲಿ ಕೆಡೆಟ್ ಕಾಲೇಜಿನ ಮೊದಲ ತಂಡ ಸೇರಿದರು, 1919ರಲ್ಲಿ ಅಧಿಕಾರಿಯಾದರು. 1949ರ ಜನವರಿ 15ರಂದು ಭಾರತದ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಇಂದು ಸೇನಾ ದಿನ.

ಇವತ್ತಿನ ಮುಖ್ಯ ಬಾಗಿಲು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುವ ಸಿಡಿಎಸ್ (ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್) ಪರೀಕ್ಷೆ. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಗೂ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೂ ಯಾವ ಪದವಿಯಾದರೂ ನಡೆಯುತ್ತದೆ. ಬಿ.ಕಾಂ. ಆದರೂ ಸರಿ, ಕನ್ನಡ ಐಚ್ಛಿಕ ಓದಿದ ಬಿ.ಎ. ಆದರೂ ಸರಿ. ನೌಕಾಪಡೆಗೆ ಮಾತ್ರ ಎಂಜಿನಿಯರಿಂಗ್ ಪದವಿ ಬೇಕು. ವಾಯುಪಡೆಗೆ ಎಂಜಿನಿಯರಿಂಗ್ ಓದಿರಬೇಕು, ಇಲ್ಲವೇ ಯಾವುದೇ ಪದವಿಯ ಜೊತೆ ಪಿಯುಸಿಯಲ್ಲಿ ಭೌತವಿಜ್ಞಾನ, ಗಣಿತ ಓದಿರಬೇಕು. ಪಿಯುಸಿಯಲ್ಲಿ ಕಲಾ ವಿಭಾಗ ಆರಿಸಿದ ದಿನವೇ ಹುಡುಗನೊಬ್ಬನಿಗೆ ವಿಮಾನ ಹಾರಿಸುವ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಅದನ್ನು ಅವನಿಗೆ ಆಗ ಹೇಳುವವರು ಯಾರೂ ಇರುವುದಿಲ್ಲ.

ಪರೀಕ್ಷೆಯ ಸ್ವರೂಪ ಕೇಳಿದರೆ ಅನೇಕರಿಗೆ ಆಶ್ಚರ್ಯ. ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ ಎಂದು ತಲಾ ನೂರು ಅಂಕದ ಮೂರು ಪತ್ರಿಕೆ. ಗಣಿತ ಹತ್ತನೇ ತರಗತಿಯ ಮಟ್ಟದ್ದು. ಶೇಕಡಾವಾರು, ತ್ರಿಕೋನಮಿತಿ, ಕಾಲ-ವೇಗ, ಎಸ್ಸೆಸ್ಸೆಲ್ಸಿಯಲ್ಲಿ ಮಾಡಿದ ಲೆಕ್ಕಗಳೇ. ಚೆನ್ನೈ ಅಕಾಡೆಮಿಗೆ ಗಣಿತದ ಪತ್ರಿಕೆಯೇ ಇಲ್ಲ. ತಪ್ಪು ಉತ್ತರಕ್ಕೆ ಮೂರನೇ ಒಂದರಷ್ಟು ಅಂಕ ಕಳೆಯುತ್ತಾರೆ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಎಡವುವುದು ಹೆಚ್ಚಾಗಿ ಇಲ್ಲೇ. ಗಣಿತಕ್ಕೆ ಹೆದರಿ ಕೋಚಿಂಗ್ ಸೇರುತ್ತಾರೆ, ಇಂಗ್ಲಿಷ್ ಪತ್ರಿಕೆ ಓದುವ ಅಭ್ಯಾಸ ಮಾತ್ರ ಕೊನೆಯ ತಿಂಗಳಿಗೆ ಉಳಿಯುತ್ತದೆ.

ವಯಸ್ಸಿನ ಲೆಕ್ಕ ಬಿಗಿ. ಡೆಹ್ರಾಡೂನಿಗೆ 19ರಿಂದ 24, ಚೆನ್ನೈಗೆ 19ರಿಂದ 25, ಅವಿವಾಹಿತರಾಗಿರಬೇಕು. ಇಪ್ಪತ್ತೊಂದಕ್ಕೆ ಪದವಿ ಮುಗಿಸಿದವನಿಗೆ ಸಿಗುವುದು ಮೂರು-ನಾಲ್ಕು ವರ್ಷ. 2025ರ ಮೊದಲ ಸಿಡಿಎಸ್‌ಗೆ ಪ್ರಕಟವಾದದ್ದು ಇಡೀ ದೇಶಕ್ಕೆ 457 ಸ್ಥಾನ. ಅದರಲ್ಲಿ ಚೆನ್ನೈ ಅಕಾಡೆಮಿಗೆ ಹುಡುಗರದ್ದು 275, ಹುಡುಗಿಯರದ್ದು 18. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿದೆ ಎನ್ನುವ ಮಾತು ನಿಜ, ಎಷ್ಟು ತೆರೆದಿದೆ ಎಂಬುದಕ್ಕೆ ಈ ಎರಡು ಸಂಖ್ಯೆ ಸಾಕು.

ಲಿಖಿತ ಪರೀಕ್ಷೆಯನ್ನೇ ದಾಟಿಸುವ ಅಡ್ಡದಾರಿಯೊಂದು ಕಾಲೇಜಿನ ಅಂಗಳದಲ್ಲೇ ಇದೆ. ಭಾನುವಾರ ಬೆಳಗ್ಗೆ ಬೂಟು ಕುಟ್ಟುತ್ತಾ ಪರೇಡ್ ಮಾಡುವ ಎನ್‌ಸಿಸಿ ಕೆಡೆಟ್‌ಗಳನ್ನು ಉಳಿದವರು ಪರೇಡಿನ ನಂತರದ ತಿಂಡಿಗಾಗಿ ಸೇರಿದವರೆಂದು ಹಾಸ್ಯ ಮಾಡುವುದುಂಟು. ಅದೇ ಕೆಡೆಟ್ 'ಸಿ' ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಕನಿಷ್ಠ 'ಬಿ' ಗ್ರೇಡ್ ಪಡೆದು, ಪದವಿಯಲ್ಲಿ ಶೇ 50 ಅಂಕ ಉಳಿಸಿಕೊಂಡರೆ ಎನ್‌ಸಿಸಿ ವಿಶೇಷ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿ. ಎಂಜಿನಿಯರಿಂಗ್ ಓದಿದವರಿಗೂ ಇಂಥದ್ದೇ ತಾಂತ್ರಿಕ ಪ್ರವೇಶಗಳಿವೆ. ಅಲ್ಲಿ ಪದವಿಯ ಅಂಕ ನೋಡಿ ಸಂದರ್ಶನಕ್ಕೆ ಕರೆಯುತ್ತಾರೆ. ಬ್ಯಾಕ್‌ಲಾಗ್ ಇಟ್ಟುಕೊಂಡು ಕೊನೆಯ ಸೆಮಿಸ್ಟರ್‌ನಲ್ಲಿ ನೋಡೋಣ ಎಂದವರಿಗೆ ಅಂಕದ ಬೆಲೆ ಆಗ ತಿಳಿಯುತ್ತದೆ.

ಇನ್ನು ಮೈಕಟ್ಟು. ಭೂಸೇನೆಗೆ ಬೇಕಾದ ಕನಿಷ್ಠ ಎತ್ತರ ಗಂಡಸರಿಗೆ 157 ಸೆಂಟಿಮೀಟರ್, ಹೆಂಗಸರಿಗೆ 152. ಆರಡಿ ಆಳು ಬೇಕೆನ್ನುವುದು ಸಿನಿಮಾದ ಮಾತು. ತಾಂತ್ರಿಕ ಪ್ರವೇಶದ ಇತ್ತೀಚಿನ ಪ್ರಕಟಣೆಗಳಲ್ಲಿ ತರಬೇತಿಗೆ ಬರುವ ಹುಡುಗನಿಗೆ ಹೇಳಿರುವ ಮಟ್ಟ ಇದು: 2.4 ಕಿಲೋಮೀಟರ್ ಓಟ ಹತ್ತೂವರೆ ನಿಮಿಷದಲ್ಲಿ, ದಂಡ 40, ಪುಲ್ ಅಪ್ 6, ಸಿಟ್ ಅಪ್ 30. ಬಸ್ಕಿ, ಲಂಜಸ್ ಬೇರೆ. ಈಜು ಅಲ್ಪಸ್ವಲ್ಪ ಗೊತ್ತಿರಬೇಕು.

ಕಾಲೇಜು ಮೈದಾನದ ನಾನೂರು ಮೀಟರ್ ಟ್ರ್ಯಾಕ್‌ಗೆ ಲೆಕ್ಕ ಹಾಕಿದರೆ ಈ ಓಟ ಆರು ಸುತ್ತು, ಪ್ರತಿ ಸುತ್ತಿಗೆ ಒಂದು ನಿಮಿಷ ನಲವತ್ತೈದು ಸೆಕೆಂಡು. ಮೊದಲ ಸುತ್ತನ್ನು ಯಾರಾದರೂ ಓಡುತ್ತಾರೆ. ನಾಲ್ಕನೆಯ ಸುತ್ತಿಗೆ ಪಕ್ಕೆ ಹಿಡಿಯುತ್ತದೆ, ಐದನೆಯದಕ್ಕೆ ಕಾಲು ಕಬ್ಬಿಣವಾಗುತ್ತದೆ. ಹದಿನೈದು ದಿನದಲ್ಲಿ ಬರುವ ಉಸಿರಲ್ಲ ಇದು. ಮೊದಲ ವರ್ಷದ ಪದವಿಯಿಂದ ವಾರಕ್ಕೆ ನಾಲ್ಕು ದಿನ ಓಡಿದವನಿಗೆ ದೊಡ್ಡದೂ ಅಲ್ಲ. ವಿಚಿತ್ರವೆಂದರೆ ಎಸ್‌ಎಸ್‌ಬಿಯಲ್ಲಿ ಈ ಓಟವನ್ನು ಯಾರೂ ಓಡಿಸುವುದಿಲ್ಲ. ಅಲ್ಲಿರುವುದು ಮೂರು ನಿಮಿಷದಲ್ಲಿ ಹತ್ತು ಅಡೆತಡೆ ದಾಟುವ ಪರೀಕ್ಷೆ: ಹಗ್ಗ ಹಿಡಿದು ತೂಗುವುದು, ಎತ್ತರದ ಕಟ್ಟೆಯಿಂದ ಹಾರುವುದು, ಹಗ್ಗದ ಸೇತುವೆ ದಾಟುವುದು. ಓಟದ ಬಿಸಿ ತಟ್ಟುವುದು ಅಕಾಡೆಮಿಯಲ್ಲಿ.

ಎಸ್‌ಎಸ್‌ಬಿ ಐದು ದಿನದ್ದು. ಡೆಹ್ರಾಡೂನಿಗೆ ಲಿಖಿತಕ್ಕೆ 300 ಅಂಕವಾದರೆ ಇದಕ್ಕೂ 300. ಎರಡನೇ ದಿನ ಮನಶ್ಶಾಸ್ತ್ರದ ಪರೀಕ್ಷೆ. ಪರದೆಯ ಮೇಲೆ ಒಂದು ಪದ ಬರುತ್ತದೆ, ಹದಿನೈದು ಸೆಕೆಂಡಿನಲ್ಲಿ ವಾಕ್ಯ ಬರೆಯಬೇಕು, ಅಷ್ಟರಲ್ಲಿ ಮುಂದಿನ ಪದ. ಹೀಗೆ ಅರವತ್ತು. ಆಮೇಲೆ ಮೂವತ್ತು ನಿಮಿಷದಲ್ಲಿ ಅರವತ್ತು ಸಂದರ್ಭಗಳಿಗೆ ಉತ್ತರ: ಕಾಡಿನಲ್ಲಿ ದಾರಿ ತಪ್ಪಿದೆ, ಏನು ಮಾಡುತ್ತೀಯ? ಗೆಳೆಯನಿಗೆ ಅಪಘಾತವಾಗಿದೆ, ನಾಳೆ ಪರೀಕ್ಷೆ, ಏನು ಮಾಡುತ್ತೀಯ? ಕೋಚಿಂಗ್ ಕೇಂದ್ರಗಳು ಇವಕ್ಕೆಲ್ಲ ಸಿದ್ಧ ಉತ್ತರ ಮಾರುತ್ತವೆ. ಅರವತ್ತು ಪದಕ್ಕೂ ಧೈರ್ಯ, ದೇಶಭಕ್ತಿ ಎಂದೇ ಬರೆದವನು ಮರುದಿನ ಮೈದಾನದಲ್ಲಿ ಹಲಗೆ ಎತ್ತಲು ಹಿಂದೆ ನಿಂತರೆ, ಬರೆದದ್ದಕ್ಕೂ ಮಾಡಿದ್ದಕ್ಕೂ ತಾಳೆಯಾಗದು. ಮನಶ್ಶಾಸ್ತ್ರಜ್ಞ, ಗುಂಪು ಪರೀಕ್ಷಾಧಿಕಾರಿ, ಸಂದರ್ಶಕ ಮೂವರೂ ಬೇರೆಬೇರೆಯಾಗಿ ನೋಡುವುದು ಆ ತಾಳೆಗಾಗಿಯೇ.

ಮೈದಾನದಲ್ಲಿ ಹುಡುಗರ ನಿಜವಾದ ಬಣ್ಣ ಹೊರಬರುತ್ತದೆ. ಒಂದು ಹಲಗೆ, ಒಂದು ಮರದ ದಿಮ್ಮಿ, ಒಂದು ಹಗ್ಗ ಕೊಟ್ಟು ಗುಂಪು ಮತ್ತು ಹೊರೆ ಎರಡನ್ನೂ ಆಚೆ ದಾಟಿಸಿ ಎನ್ನುತ್ತಾರೆ. ಬಣ್ಣ ಹಚ್ಚಿದ ಕೆಲವು ಜಾಗ ಮುಟ್ಟಬಾರದು. ಕೂಗಿ ಕೂಗಿ ಹೇಳುವವನೇ ನಾಯಕ ಎಂದುಕೊಂಡವರು ಇಲ್ಲಿ ಮೋಸಹೋಗುತ್ತಾರೆ. ಹಳ್ಳಿಯಲ್ಲಿ ಗಾಡಿಗೆ ಮೂಟೆ ಹೇರಿ ಹಗ್ಗ ಬಿಗಿದು ಅಭ್ಯಾಸವಿದ್ದ ಹುಡುಗನಿಗೆ, ಇಂಗ್ಲಿಷ್ ಸ್ವಲ್ಪ ತಡವರಿಸಿದರೂ, ಕೈ ಓಡುತ್ತದೆ.

ಇಷ್ಟೆಲ್ಲ ದಾಟಿ ಐದನೇ ದಿನ ತನ್ನ ನಂಬರ್ ಕೂಗಿಸಿಕೊಂಡವನಿಗೂ ಸೇನಾ ಆಸ್ಪತ್ರೆ ಉಳಿದಿರುತ್ತದೆ. ಅಲ್ಲಿ ಜನ ಸಿಕ್ಕಿಬೀಳುವುದು ದೊಡ್ಡ ಕಾಯಿಲೆಗಳಿಂದಲ್ಲ. ಕಿವಿಯ ಗುಗ್ಗೆ, ಮೂಗಿನೊಳಗಿನ ಎಲುಬಿನ ಓರೆ, ಮೂಲವ್ಯಾಧಿ, ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮೊಣಕಾಲು, ಎತ್ತರಕ್ಕೆ ಮೀರಿದ ತೂಕ. ಕನ್ನಡಕ ಇದ್ದರೆ ಮುಗಿಯಿತು ಎನ್ನುವುದೂ ತಪ್ಪು. ಭೂಸೇನೆಯಲ್ಲಿ ಮೈನಸ್ 3.5ರವರೆಗಿನ ಸಮೀಪದೃಷ್ಟಿಗೆ ಅವಕಾಶವಿದೆ. ಮುಂಗೈ ಒಳಭಾಗ, ಅಂಗೈಯ ಹಿಂಬದಿ ಬಿಟ್ಟು ಬೇರೆಡೆ ಹಾಕಿಸಿದ ಹಚ್ಚೆ ಮಾತ್ರ ಸಾಮಾನ್ಯವಾಗಿ ಅಡ್ಡಿ. ತಾತ್ಕಾಲಿಕವಾಗಿ ಅನರ್ಹರಾದವರಿಗೆ ಮರುಪರೀಕ್ಷೆಗೆ 42 ದಿನ ಸಿಗುತ್ತದೆ. ಆ 42 ದಿನದಲ್ಲಿ ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಓಡಾಡುವ ಬದಲು ಎರಡನೇ ವರ್ಷದ ಪದವಿಯಲ್ಲೇ ಒಮ್ಮೆ ಕಣ್ಣು, ಕಿವಿ, ಹಲ್ಲು ತೋರಿಸಿಕೊಂಡಿದ್ದರೆ ಎಷ್ಟೋ ತಾಪತ್ರಯ ತಪ್ಪುತ್ತಿತ್ತು.

ಆಯ್ಕೆಯಾದವರಿಗೆ ಡೆಹ್ರಾಡೂನಿನಲ್ಲಿ 18 ತಿಂಗಳು, ಚೆನ್ನೈನಲ್ಲಿ 49 ವಾರ ತರಬೇತಿ. ಆ ಅವಧಿಯಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಡೆಹ್ರಾಡೂನಿನಿಂದ ಹೊರಬಂದವರದ್ದು ಕಾಯಂ ನೌಕರಿ. ಚೆನ್ನೈನವರದ್ದು ಹತ್ತು ವರ್ಷದ ಸೇವೆ, ಇನ್ನೂ ನಾಲ್ಕು ವರ್ಷ ಮುಂದುವರಿಸಬಹುದು.

ಮೊದಲ ಸಲ ಎಸ್‌ಎಸ್‌ಬಿಗೆ ಹೋಗುವ ಅಭ್ಯರ್ಥಿಗೆ ಹೋಗಿ ಬರುವ ರೈಲಿನ ಖರ್ಚನ್ನು ಸೇನೆಯೇ ಕೊಡುತ್ತದೆ, ಎಸಿ ತ್ರೀ ಟಯರ್ ಬೋಗಿಯವರೆಗೆ. ಬೀದರಿನಿಂದಲೋ ಕಾರವಾರದಿಂದಲೋ ಹೊರಡುವವರು ಟಿಕೆಟ್ ಜೋಪಾನವಾಗಿ ಇಟ್ಟುಕೊಳ್ಳಿ, ಅದನ್ನು ತೋರಿಸದೆ ದುಡ್ಡು ಸಿಗುವುದಿಲ್ಲ.