ಮುರುಗೋಡಿನ ಮೆಲ್ಲನೆಯ ಕಡಿತ: ಗಾಳ ಎತ್ತುವ ಹೊತ್ತು ತಿಳಿಯುವುದು ಹೇಗೆ?

ಮಳೆಯನ್ನೇ ನಂಬಿ ರಾಗಿ ಬೆಳೆಯುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ಕೃಷಿ ಹೊಂಡವು ಈಗ ಹೊಸ ಮಾತಲ್ಲ. 2014 ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಅನೇಕ ರೈತರು ಹೊಲದ ತಗ್ಗಿನಲ್ಲಿ ಹೊಂಡ ತೋಡಿಸಿದ್ದಾರೆ. ತೆನೆ ಒಡೆಯುವ ಕಾಲದಲ್ಲಿ ಮಳೆ ಕೈಕೊಟ್ಟರೆ ಈ ನೀರು ಪೈರನ್ನು ಉಳಿಸುತ್ತದೆ. ನೀರು ನಿಂತಿರುವ ತಿಂಗಳುಗಳಲ್ಲಿ ಕಾಟ್ಲಾ, ರೋಹು ಅಥವಾ ಸಾಮಾನ್ಯ ಗೆಂಡೆಯ ಮರಿಗಳನ್ನು ಬಿಟ್ಟರೆ ಮನೆಗೆ ಪೌಷ್ಟಿಕ ಆಹಾರವೂ ಕೈಗೆ ನಾಲ್ಕು ಕಾಸೂ ದೊರೆಯುತ್ತವೆ.

ಆದರೆ ನೀರು ಇಳಿದಾಗ ಕೆಲವರಿಗೆ ನಿರಾಶೆ ಕಾದಿರುತ್ತದೆ. ಬಿಟ್ಟ ಮರಿಗಳಲ್ಲಿ ಹಿಡಿಯಷ್ಟೂ ಉಳಿದಿರುವುದಿಲ್ಲ. ನೀರುಕಾಗೆ, ಮಿಂಚುಳ್ಳಿ, ನೀರುಹಾವು ಇವೆಲ್ಲ ಇದಕ್ಕೆ ಕಾರಣವಾಗಬಹುದು. ಇವುಗಳ ಜೊತೆಗೆ ಕಣ್ಣಿಗೆ ಬೀಳದ ಇನ್ನೊಂದು ಕಾರಣವಿದೆ. ಅದು ಹೊಂಡದ ಕೆಸರಿನಲ್ಲಿ ಅಡಗಿ ಕುಳಿತ ಮುರುಗೋಡು ಜಾತಿಯ ಮೀನು. ಅದನ್ನು ಗಾಳದಿಂದ ಹಿಡಿಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹೊಂಡಕ್ಕೆ ಬರುವ ದಾರಿ

ಮುರುಗೋಡು ಮೀನಿಗೆ ಕಿವಿರಿನ ಜೊತೆಗೆ ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗವೂ ಉಂಟು. ಆದುದರಿಂದ ಕೆರೆ ಕೋಡಿ ಹರಿದಾಗ ಅದು ಕಾಲುವೆಗುಂಟ ಮೇಲೇರುತ್ತದೆ. ಮಳೆ ರಾತ್ರಿಯಲ್ಲಿ ಒದ್ದೆ ನೆಲದ ಮೇಲೆ ತೆವಳಿಕೊಂಡು ಪಕ್ಕದ ನೀರಿಗೂ ಸೇರಬಲ್ಲದು. ಅರ್ಕಾವತಿ, ದಕ್ಷಿಣ ಪಿನಾಕಿನಿ ಮತ್ತು ಕುಮುದ್ವತಿ ಪಾತ್ರಗಳ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಸೇರಿರುವುದರಿಂದ, ಒಳ್ಳೆಯ ಮಳೆಯ ವರ್ಷ ಈ ಮೀನು ಹರಡಲು ಅನುಕೂಲವಾಗುತ್ತದೆ.

ಇವುಗಳಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ನೋಡಬೇಕು. ನಮ್ಮ ನಾಡ ಮುರುಗೋಡು ಸಾಮಾನ್ಯವಾಗಿ ಒಂದು ಅಡಿಯ ಆಸುಪಾಸಿನಲ್ಲಿ ಬೆಳೆಯುತ್ತದೆ. ತಲೆಬುರುಡೆಯ ಹಿಂಭಾಗದ ಅಂಚು ದುಂಡಾಗಿರುತ್ತದೆ. ಆಫ್ರಿಕನ್ ಮುರುಗೋಡು ಮೂರು ಅಡಿಗೂ ಮೀರಿ ಬೆಳೆಯಬಲ್ಲದು. ಬುರುಡೆಯ ಹಿಂಭಾಗ ಚೂಪಾಗಿರುತ್ತದೆ. ಅನುಮತಿಯಿಲ್ಲದೆ ದೇಶದೊಳಗೆ ಬಂದ ಈ ಎರಡನೆಯ ಜಾತಿ ಸಿಕ್ಕಿದ ಮೀನು, ಕಪ್ಪೆ, ಹುಳುಗಳನ್ನೆಲ್ಲ ತಿನ್ನುವ ಕಾರಣ ಕೇಂದ್ರ ಸರ್ಕಾರವು 2000 ರಲ್ಲಿ ಇದರ ಸಾಕಣೆಯನ್ನು ನಿಷೇಧಿಸಿತು. ಹೊಂಡದಿಂದ ಮೊದಲು ತೆಗೆಯಬೇಕಾದದ್ದು ಇದನ್ನೇ.

ಎಳೆಬಲೆಯಿಂದ ಇದನ್ನು ಹಿಡಿಯುವುದು ಕಷ್ಟ. ಬಲೆ ಹತ್ತಿರ ಬಂದಾಗ ಕೆಸರಿಗೆ ಇಳಿದು ಬಲೆಯ ಬುಡದಿಂದ ನುಸುಳಿ ಹೋಗುತ್ತದೆ. ನೀರನ್ನೆಲ್ಲ ಹೊರಹಾಕೋಣವೆಂದರೆ ಅದು ಪೈರಿನ ಪಾಲಿನ ನೀರು. ಹೀಗಾಗಿ ಗಾಳವೇ ಖರ್ಚಿಲ್ಲದ ಉಪಾಯ. ಆದರೆ ಗಾಳ ಹಾಕಿದವರ ದೂರು ಒಂದೇ: "ಎರೆಹುಳು ಖಾಲಿಯಾಗುತ್ತದೆ, ಮೀನು ಮಾತ್ರ ಬರುವುದಿಲ್ಲ."

ಕಡಿತ ಹಗುರವಾಗಿರಲು ಕಾರಣ

ಮುರುಗೋಡಿನ ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆಗಳಿವೆ. ರುಚಿ ತಿಳಿಯುವ ಸೂಕ್ಷ್ಮ ಮೊಗ್ಗುಗಳು ಈ ಮೀಸೆಗಳ ಮೇಲೂ ಚರ್ಮದ ಮೇಲೂ ಹರಡಿಕೊಂಡಿವೆ. ಅದು ಹೆಚ್ಚಾಗಿ ರಾತ್ರಿ ಮೇಯುವ ಪ್ರಾಣಿ. ಕಣ್ಣಿಗಿಂತ ಮೀಸೆಯನ್ನೇ ನಂಬುತ್ತದೆ. ಎರೆಯನ್ನು ಮೊದಲು ಮೀಸೆಯಿಂದ ಸವರಿ ನೋಡುತ್ತದೆ. ಒಪ್ಪಿಗೆಯಾದರೆ ಬಾಯಿ ತೆರೆದು ನೀರಿನ ಸಮೇತ ಒಳಕ್ಕೆ ಹೀರಿಕೊಳ್ಳುತ್ತದೆ. ಒಳಗೆ ಹೋದ ಎರೆ ಬಿಗಿಯಾಗಿ ಎಳೆಯುತ್ತಿದೆ ಎನ್ನಿಸಿದರೆ ಕೂಡಲೇ ಉಗುಳುತ್ತದೆ. ಆದುದರಿಂದ ಮೇಲೆ ಕುಳಿತವನಿಗೆ ಕಾಣುವುದು ಬೆಂಡಿನ ಸಣ್ಣ ನಡುಕ ಮಾತ್ರ.

ಪುಷ್ಯ, ಮಾಘದ ಚಳಿಯಲ್ಲಿ ನೀರು ತಣ್ಣಗಾದಾಗ ಮೀನಿನ ಹಸಿವೂ ಚಟುವಟಿಕೆಯೂ ಕುಗ್ಗುತ್ತವೆ. ಆಗ ಕಡಿತವು ಇನ್ನೂ ಮಂದವಾಗಿರುತ್ತದೆ.

ಬೆಂಡಿನ ಲೆಕ್ಕ

ಬಹುಪಾಲು ಗಾಳಗಳ ದೋಷವಿರುವುದು ಬೆಂಡಿನಲ್ಲಿ. ಒಂದು ಬೆಂಡಿನ ತೂಕ 2 ಗ್ರಾಂ ಇದ್ದು, ಅದು ಪೂರ್ತಿ ಮುಳುಗಿದಾಗ 12 ಗ್ರಾಂ ನೀರನ್ನು ಸರಿಸುತ್ತದೆ ಎಂದಿಟ್ಟುಕೊಳ್ಳೋಣ. ಅದಕ್ಕೆ 3 ಗ್ರಾಂ ಸೀಸ ಕಟ್ಟಿದರೆ, ಬೆಂಡನ್ನು ಮುಳುಗಿಸಲು ಮೀನು ಸುಮಾರು 7 ಗ್ರಾಂ ಬಲದಿಂದ ಎಳೆಯಬೇಕು. ಸೀಸವನ್ನು 9 ಗ್ರಾಂಗೆ ಏರಿಸಿದರೆ ಒಂದೆರಡು ಗ್ರಾಂ ಬಲವೇ ಸಾಕು. ಅಂದರೆ ಸೀಸ ಹೆಚ್ಚಾದಷ್ಟೂ ಬೆಂಡು ಸೂಕ್ಷ್ಮವಾಗುತ್ತದೆ. ಆದರೆ ದಪ್ಪ ಬೆಂಡಿಗೆ ಸೀಸ ಏರಿಸುವುದಕ್ಕಿಂತ ಸಣ್ಣ ಬೆಂಡನ್ನು ಸರಿಯಾಗಿ ತೂಗಿಸುವುದು ಲೇಸು.

ಮಾಡುವ ಕ್ರಮ ಹೀಗೆ: ಜೋಳದ ದಂಟಿನ ತಿರುಳಿನಿಂದ ಕಿರುಬೆರಳಿಗಿಂತ ತೆಳ್ಳಗಿನ, ಎರಡು ಮೂರು ಅಂಗುಲ ಉದ್ದದ ಬೆಂಡನ್ನು ಮಾಡಿ ಮೇಣ ಸವರಿ. ಬಕೆಟ್ ನೀರಿನಲ್ಲಿ ಬಿಟ್ಟು, ತುದಿಯ ಕಾಲು ಅಂಗುಲ ಮಾತ್ರ ಮೇಲೆ ಕಾಣುವವರೆಗೆ ಸೀಸದ ಚಿಕ್ಕ ಗುಂಡುಗಳನ್ನು ಒಂದೊಂದಾಗಿ ಸೇರಿಸಿ. ತುದಿಗೆ ಸುಣ್ಣ ಅಥವಾ ಬಿಳಿ ಬಣ್ಣ ಹಚ್ಚಿದರೆ ಮುಸ್ಸಂಜೆಯಲ್ಲೂ ಕಾಣುತ್ತದೆ. ಕಡೆಯ ಗುಂಡು ಗಾಳದಿಂದ ನಾಲ್ಕೈದು ಅಂಗುಲ ಮೇಲಿದ್ದು, ನೆಲವನ್ನು ಮುಟ್ಟಿರಲಿ.

ಬೆಂಡಿಲ್ಲದೆ ತಳದಲ್ಲಿ ಗಾಳ ಬಿಡುವವರು, ಕೋಲಿನ ತುದಿಗೂ ಕೈಗೂ ನಡುವಿನ ದಾರವನ್ನು ಸ್ವಲ್ಪ ಸಡಿಲ ಬಿಟ್ಟು, ಅದಕ್ಕೆ ರಾಗಿ ಹಿಟ್ಟಿನ ಸಣ್ಣ ಉಂಡೆಯನ್ನು ಅಂಟಿಸಬಹುದು. ಮೀನು ದಾರವನ್ನು ಒಯ್ದರೆ ಉಂಡೆ ಮೇಲೇರುತ್ತದೆ. ದಡದ ಕಡೆ ಬಂದರೆ ಕೆಳಗಿಳಿಯುತ್ತದೆ.

ಬೆಂಡು ಹೇಳುವುದೇನು?

1. ಬೆಂಡು ಬೇಗ ಬೇಗ ಕುಣಿದು ನಿಂತರೆ ಅದು ಜಿಲೇಬಿ ಮೀನು ಅಥವಾ ಇತರ ಸಣ್ಣ ಮೀನುಗಳ ಕುಟುಕು. ಎತ್ತಬೇಡಿ.

2. ಬೆಂಡು ತಡೆದು ತಡೆದು ನಿಧಾನವಾಗಿ ಸರಿದು, ಎತ್ತಿ ನೋಡಿದಾಗ ಎರೆ ಚೂರುಚೂರಾಗಿದ್ದರೆ ಅದು ಏಡಿಯ ಕೆಲಸ. ಜಾಗ ಬದಲಿಸಿ.

3. ಒಂದೆರಡು ಸಲ ಮೆಲ್ಲಗೆ ನಡುಗಿ ಸುಮ್ಮನಾದರೆ ಮುರುಗೋಡು ಮೀಸೆ ತಾಗಿಸಿ ನೋಡುತ್ತಿರಬಹುದು. ಕೈ ಕೋಲಿನ ಮೇಲಿರಲಿ, ಎತ್ತಬೇಡಿ.

4. ಬೆಂಡು ಮುಳುಗದೆ ಮೇಲೆದ್ದು ಅಡ್ಡ ಮಲಗಿದರೆ, ಮೀನು ಎರೆಯನ್ನು ಬಾಯಲ್ಲಿಟ್ಟುಕೊಂಡು ತಳದಿಂದ ಮೇಲಕ್ಕೆದ್ದಿದೆ. ಸೀಸದ ಭಾರ ಬೆಂಡಿಗೆ ತಪ್ಪಿದೆ. ಅನೇಕರು ಇದನ್ನು ಕಡಿತವೆಂದೇ ತಿಳಿಯುವುದಿಲ್ಲ. ಇದು ಎತ್ತುವ ಹೊತ್ತು.

5. ಬೆಂಡು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಜಾರುತ್ತಾ ಮುಳುಗಿದರೆ ಎರೆ ಬಾಯೊಳಗಿದೆ. ಇದೂ ಎತ್ತುವ ಹೊತ್ತು.

ಗಾಳಿ ಬೀಸುವಾಗ ಬೆಂಡು ಅಲೆಯ ಜೊತೆ ತೇಲುವುದು ಸಹಜ. ಗಾಳಿಗೆ ಎದುರಾಗಿ ಅಥವಾ ಅಡ್ಡವಾಗಿ ಸರಿದರೆ ಮಾತ್ರ ಅದನ್ನು ಕಡಿತವೆಂದು ಎಣಿಸಬೇಕು.

ಗಾಳ ನಾಟುವಂತೆ ಎತ್ತುವುದು

ಮೊದಲು ಗಾಳದ ಮೊನೆಯನ್ನು ಪರೀಕ್ಷಿಸಿ. ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಎಳೆದರೆ ಮೊನೆ ಕಚ್ಚಿ ನಿಲ್ಲಬೇಕು. ಜಾರಿದರೆ ಸಣ್ಣ ಅರದಿಂದ ಚೂಪು ಮಾಡಬೇಕು. ಎರೆಹುಳುವನ್ನು ಗಾಳಕ್ಕೆ ಪೋಣಿಸುವಾಗ ಮೊನೆ ಸ್ವಲ್ಪ ಹೊರಗಿರಲಿ. ಅರ್ಧ ಅಡಿ ಹುಳು ಜೋತಾಡುತ್ತಿದ್ದರೆ ಮೀನು ಬಾಲವನ್ನಷ್ಟೇ ಹೀರಿ ಹೋಗುತ್ತದೆ; ಆದ್ದರಿಂದ ಎರೆ ಚಿಕ್ಕದಿರಲಿ.

ಕಡಿತ ಖಚಿತವಾದಾಗ ಎರಡು ಹೆಜ್ಜೆಯಲ್ಲಿ ಕೆಲಸ ಮಾಡಿ. ಕೋಲಿನ ತುದಿಯನ್ನು ಬೆಂಡಿನ ಕಡೆಗೆ ಇಳಿಸಿ ಸಡಿಲ ದಾರವನ್ನು ಮೊದಲು ಎಳೆದುಕೊಳ್ಳಿ. ದಾರ ನೇರವಾದ ಕೂಡಲೇ ಮುಂಗೈ ಬಲದಿಂದ ಒಂದೆರಡು ಅಡಿ ಎತ್ತಿ, ಭಾರವನ್ನು ಬಿಡದೆ ಹಿಡಿಯಿರಿ. ದಾರ ಸಡಿಲವಿರುವಾಗ ಎಷ್ಟು ಜೋರಾಗಿ ಎಳೆದರೂ ಆ ಬಲ ಗಾಳಕ್ಕೆ ಮುಟ್ಟದು. ತಲೆಯ ಮೇಲಿಂದ ಬೀಸಿ ಎಳೆದರೆ ಬಾಯಿ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ.

ಮೊನೆ ಒಳಕ್ಕೆ ಬಾಗಿದ ದುಂಡು ಗಾಳಗಳೂ ಅಂಗಡಿಗಳಲ್ಲಿ ಸಿಗುತ್ತವೆ. ಇವುಗಳನ್ನು ಬಳಸುವಾಗ ಜಗ್ಗಲೇಬಾರದು. ಮೀನು ದಾರವನ್ನು ಒಯ್ಯುವಾಗ ನಿಧಾನವಾಗಿ ಬಿಗಿ ಹಿಡಿದರೆ ಗಾಳವು ತಾನಾಗಿ ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಗಂಟಲಿಗೆ ಇಳಿಯುವುದು ಕಡಿಮೆಯಾದ್ದರಿಂದ, ನಾಡ ಮುರುಗೋಡು ಸಿಕ್ಕಿದರೆ ಗಾಯವಿಲ್ಲದೆ ಬಿಡಿಸಲು ಇದು ಉತ್ತಮ.

ಎಚ್ಚರಿಕೆಗಳು

ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದಲ್ಲಿ ಗಾಳವನ್ನು ತಳದಲ್ಲಿ ಎಳೆದಾಡಬೇಡಿ. ಹಾಳೆಗೆ ಗಾಳ ಸಿಕ್ಕಿದರೆ ಜಗ್ಗದೆ ದಾರವನ್ನು ಕತ್ತರಿಸಿಬಿಡಿ. ಗಾಳದ ಬೆಲೆಗಿಂತ ಹಾಳೆಯ ತೂತಿನ ನಷ್ಟ ದೊಡ್ಡದು.

ಅದಕ್ಕಿಂತ ಮುಖ್ಯವಾದದ್ದು ಜೀವ. ಹಾಳೆ ಹೊದಿಸಿದ ದಡ ಒದ್ದೆಯಾದಾಗ ಪಾಚಿ ಕಟ್ಟಿದ ಬಂಡೆಯಂತೆ ಜಾರುತ್ತದೆ. ಬಿದ್ದವರಿಗೆ ಈಜು ಬಂದರೂ ಹಿಡಿದು ಮೇಲೇರಲು ಆಧಾರ ಸಿಗುವುದಿಲ್ಲ. ಕೃಷಿ ಹೊಂಡಗಳಲ್ಲಿ ಮಕ್ಕಳೂ ದೊಡ್ಡವರೂ ಮುಳುಗಿ ಸತ್ತ ಸುದ್ದಿಗಳು ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತಿವೆ. ಮುರುಗೋಡು ಹೆಚ್ಚಾಗಿ ಕತ್ತಲಲ್ಲಿ ಮೇಯುವುದರಿಂದ ಗಾಳ ಹಾಕುವವರು ಮುಸ್ಸಂಜೆಯಲ್ಲಿ ದಡಕ್ಕೆ ಹೋಗುತ್ತಾರೆ. ಒಬ್ಬರೇ ಹೋಗಬೇಡಿ, ಮಕ್ಕಳನ್ನು ಗಾಳದೊಂದಿಗೆ ಹೊಂಡಕ್ಕೆ ಕಳಿಸಬೇಡಿ. ಹೊಂಡದ ಸುತ್ತ ಬೇಲಿ ಇರಲಿ. ಗಟ್ಟಿ ಗೂಟಕ್ಕೆ ಕಟ್ಟಿದ, ಗಂಟುಗಳಿರುವ ಹಗ್ಗವನ್ನು ನೀರಿನವರೆಗೆ ಇಳಿಬಿಟ್ಟು ಸದಾ ಅಲ್ಲೇ ಇರಿಸಿ.

ಮೀನನ್ನು ಬಿಡಿಸುವಾಗ ಎದೆಯ ರೆಕ್ಕೆಗಳ ಮುಳ್ಳಿನ ಹಿಂದೆ ಬೆರಳಿಟ್ಟು ತಲೆಯನ್ನು ಒತ್ತಿ ಹಿಡಿಯಿರಿ. ಇದೇ ಗಾಳಕ್ಕೆ ಚೇಳು ಮೀನೂ ಬೀಳುವುದುಂಟು. ಅದರ ಮುಳ್ಳಿನಲ್ಲಿ ವಿಷವಿದೆ, ನೋವು ಬಹಳ. ಚುಚ್ಚಿದರೆ ಗಾಯವನ್ನು ತೊಳೆದು, ಚರ್ಮ ಸುಡದಂತೆ ತಾಳಬಹುದಾದಷ್ಟು ಬಿಸಿ ನೀರಿನಲ್ಲಿ ಅದ್ದಿಡಿ, ನೋವು ತಗ್ಗುತ್ತದೆ. ಆಮೇಲೆ ವೈದ್ಯರಿಗೆ ತೋರಿಸಿ.

ಹಿಡಿದ ಮೇಲೆ

ಆಫ್ರಿಕನ್ ಮುರುಗೋಡನ್ನು ಜೀವಂತವಾಗಿ ಬೇರೆ ಕೆರೆಗಾಗಲಿ ಬಾವಿಗಾಗಲಿ ಬಿಡಬಾರದು. ತಲೆಗೆ ಬಲವಾಗಿ ಹೊಡೆದು ಕೂಡಲೇ ಕೊಲ್ಲಬೇಕು. ಚರಂಡಿ ನೀರು ಸೇರುವ ಕೆರೆಯ ಮೀನನ್ನು ತಿನ್ನದಿರುವುದು ಒಳಿತು. ನಾಡ ಮುರುಗೋಡು ಮಳೆಗಾಲದಲ್ಲಿ ಮೊಟ್ಟೆಯಿಡುವುದರಿಂದ, ಆಗ ಸಿಕ್ಕಿದ್ದನ್ನು ಅದು ಬಂದ ಕೆರೆಗೇ ಮರಳಿಸಿದರೆ ಸಂತತಿ ಉಳಿಯುತ್ತದೆ.

ಸ್ವಂತ ಹೊಂಡಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಊರ ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುವುದುಂಟು; ಗುತ್ತಿಗೆದಾರರನ್ನೋ ಮೀನುಗಾರಿಕೆ ಇಲಾಖೆಯನ್ನೋ ಕೇಳಿ ಗಾಳ ಹಾಕಬೇಕು. ಬೇಸರದಿಂದ ನೀರಿಗೆ ವಿಷ ಬೆರೆಸುವುದು, ಸಿಡಿಮದ್ದು ಎಸೆಯುವುದು ಕಾನೂನಿನ ಪ್ರಕಾರ ಅಪರಾಧ. ಅದೇ ನೀರನ್ನು ದನಕರುಗಳೂ ಕುಡಿಯುತ್ತವೆ.

ಮರಿ ಬಿಡುವ ಮುನ್ನವೇ ನೀರು ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಬೇಲಿಯ ಬುಡಕ್ಕೂ ಅದನ್ನೇ ಒಂದು ಅಡಿ ಎತ್ತರ ಸುತ್ತಿದರೆ ಮುರುಗೋಡು ಒಳಬರುವುದು ಬಹುಮಟ್ಟಿಗೆ ನಿಲ್ಲುತ್ತದೆ. ಅಷ್ಟಾಗಿಯೂ ಒಳಸೇರಿದವನ್ನು ತೂಗಿ ಕಟ್ಟಿದ ಬೆಂಡು, ಚೂಪಾದ ಗಾಳ ಮತ್ತು ತಾಳ್ಮೆಯ ಕೈಯಿಂದ ಒಂದೊಂದಾಗಿ ತೆಗೆಯಬಹುದು. ಮುಂದಿನ ಮುಂಗಾರಿನ ಮರಿಗಳನ್ನು ಆ ನಂತರವೇ ಬಿಡಿ.